ಬಿರುಕಿನ ಅಳತೆ: ರೋಮ್ ನಗರದ ಗುಮ್ಮಟದಿಂದ ಗಣಕಯಂತ್ರದ ಚಿತ್ರದವರೆಗೆ

ರೋಮ್ ನಗರದ ಸಂತ ಪೀಟರ್ ದೇವಾಲಯದ ಮಹಾಗುಮ್ಮಟವು 1590ರಲ್ಲಿ ಪೂರ್ಣಗೊಂಡಿತು. ಸುಮಾರು 42 ಮೀಟರ್ ಒಳವ್ಯಾಸವುಳ್ಳ ಆ ಗುಮ್ಮಟದಲ್ಲಿ ಒಂದೂವರೆ ಶತಮಾನ ಕಳೆಯುವಷ್ಟರಲ್ಲಿ ಬಿರುಕುಗಳು ಎದ್ದು ಕಾಣತೊಡಗಿದ್ದವು. ಕಿತ್ತಳೆಯ ತೊಳೆಗಳ ನಡುವಿನ ಗೆರೆಗಳಂತೆ ಅವು ಬುಡದಿಂದ ಮೇಲ್ಮುಖವಾಗಿ ಹಬ್ಬಿದ್ದವು. ಗುಮ್ಮಟ ಕುಸಿಯುವುದೆಂಬ ಮಾತು ಊರಲ್ಲೆಲ್ಲ ಹರಡಿತು. 1742ರಲ್ಲಿ ಪೋಪ್ ಹದಿನಾಲ್ಕನೆಯ ಬೆನೆಡಿಕ್ಟರು ಬೊಸ್ಕೊವಿಚ್, ಲೆ ಸ್ಯೂರ್, ಜಾಕಿಯೇ ಎಂಬ ಮೂವರು ಗಣಿತಜ್ಞರನ್ನು ಕರೆಸಿ, ಈ ಬಿರುಕುಗಳ ಅರ್ಥವೇನೆಂದು ಕೇಳಿದರು. ಕಟ್ಟಡದ ಯೋಗಕ್ಷೇಮವನ್ನು ಮೇಸ್ತ್ರಿಗಳ ಅನುಭವಕ್ಕಷ್ಟೇ ಬಿಡದೆ ಲೆಕ್ಕದ ಒರೆಗೆ ಹಚ್ಚಿದ ಮೊದಲ ದೊಡ್ಡ ಪ್ರಸಂಗಗಳಲ್ಲಿ ಇದೂ ಒಂದು.

ಮೂವರು ಗಣಿತಜ್ಞರು ಬಿರುಕುಗಳನ್ನು ನಕ್ಷೆಯಲ್ಲಿ ಗುರುತಿಸಿ, ಗುಮ್ಮಟದ ಬುಡ ಹೊರಕ್ಕೆ ತಳ್ಳಲ್ಪಡುತ್ತಿರುವ ಬಲವನ್ನು ಲೆಕ್ಕ ಹಾಕಿ, ಹಳೆಯ ಕಬ್ಬಿಣದ ಬಳೆಗಳು ಸಾಲವು, ಹೊಸವನ್ನು ತೊಡಿಸಬೇಕು ಎಂದು ವರದಿಯಿತ್ತರು. ಮರುವರ್ಷ ಪಾದುವಾ ನಗರದ ಪ್ರಾಧ್ಯಾಪಕ ಜೊವಾನ್ನಿ ಪೊಲೆನಿಯವರ ಅಭಿಪ್ರಾಯವನ್ನೂ ಕೇಳಲಾಯಿತು. ಪೊಲೆನಿ ಹಿಡಿದ ದಾರಿ ಬೇರೆ. ಗುಮ್ಮಟದ ಒಂದೊಂದು ಭಾಗದ ತೂಕಕ್ಕೆ ಅನುಗುಣವಾದ ಗುಂಡುಗಳನ್ನು ಒಂದು ಸರದಲ್ಲಿ ಪೋಣಿಸಿ ಅವರು ತೂಗುಹಾಕಿದರು. ಹಾಗೆ ಜೋತುಬಿದ್ದ ಸರದ ಆಕಾರವನ್ನು ತಲೆಕೆಳಗು ಮಾಡಿ ನೋಡಿದಾಗ ಅದು ಗುಮ್ಮಟದ ಗೋಡೆಯ ದಪ್ಪದೊಳಗೇ ಹಾದುಹೋಗುವುದು ಕಂಡುಬಂದಿತು. ಅಂದರೆ ಬಿರುಕುಬಿಟ್ಟಿದ್ದರೂ ಗುಮ್ಮಟ ತನ್ನ ಭಾರವನ್ನು ತಾನೇ ಹೊತ್ತು ನಿಲ್ಲಬಲ್ಲುದು. ಆದರೂ ಬಳೆಗಳನ್ನು ತೊಡಿಸುವುದು ಒಳ್ಳೆಯದೆಂದು ಅವರೂ ಒಪ್ಪಿದರು. ಎತ್ತಿನ ಗಾಡಿಯ ಗಾಲಿಗೆ ಪಟ್ಟಾ ಬಿಗಿಯುವಂತೆ 1743ರಿಂದ 1748ರ ನಡುವೆ ಹೊಸ ಬಳೆಗಳನ್ನು ಬಿಗಿಯಲಾಯಿತು. ಗುಮ್ಮಟ ಇಂದಿಗೂ ನಿಂತಿದೆ.

ಈ ಪ್ರಸಂಗದಲ್ಲಿ ಎರಡು ಪ್ರಶ್ನೆಗಳು ಹೆಣೆದುಕೊಂಡಿವೆ. ಬಿರುಕು ಇದೆಯೇ ಎಂಬುದು ಒಂದು. ಬಿರುಕು ಬೆಳೆಯುತ್ತಿದೆಯೇ ಎಂಬುದು ಇನ್ನೊಂದು. ಮೊದಲನೆಯದಕ್ಕೆ ಕಣ್ಣು ಸಾಕು, ಎರಡನೆಯದಕ್ಕೆ ಅಳತೆ ಬೇಕು. ಹಿಂದಿನವರ ಸಾಧನ ಸರಳವಾಗಿತ್ತು: ಬಿರುಕಿಗೆ ಅಡ್ಡಲಾಗಿ ಗಾಜಿನ ತೆಳು ಪಟ್ಟಿಯನ್ನು ಗಾರೆಯಿಂದ ಅಂಟಿಸಿ ದಿನಾಂಕ ಬರೆದಿಡುವುದು. ಪಟ್ಟಿ ಒಡೆದರೆ ಗೋಡೆ ಅಲುಗಿದೆ ಎಂದು ಅರ್ಥ. ಆದರೆ ಎಷ್ಟು ಅಲುಗಿತು, ಯಾವ ದಿಕ್ಕಿಗೆ, ಎಂದಿನಿಂದ ಎಂಬುದನ್ನು ಒಡೆದ ಗಾಜು ಹೇಳಲಾರದು. ಈ ಮೂರು ಪ್ರಶ್ನೆಗಳಿಗೆ ಉತ್ತರ ಹುಡುಕುತ್ತ ಹೊರಟ ಮನುಷ್ಯ ಇಂದು ಕ್ಯಾಮೆರಾ ಮತ್ತು ಗಣಕಯಂತ್ರದ ನೆರವಿನಿಂದ ವಸ್ತುವನ್ನು ಮುಟ್ಟದೆಯೇ ಅದರ ಮೈಮೇಲಿನ ಸಾವಿರಾರು ಬಿಂದುಗಳ ಚಲನೆಯನ್ನು ಅಳೆಯಬಲ್ಲ ಹಂತ ತಲುಪಿದ್ದಾನೆ. ಆ ಹಾದಿಯ ಕೆಲವು ಘಟ್ಟಗಳನ್ನು ಇಲ್ಲಿ ನೋಡೋಣ. ಅಳತೆಯ ಸೂಕ್ಷ್ಮತೆ ಹೆಚ್ಚಿದಂತೆ ಅಳೆಯುವವನ ಹೊಣೆಯೂ ಹೆಚ್ಚಿತೆಂಬುದು ಈ ಇತಿಹಾಸದಲ್ಲಿ ನನಗೆ ಮುಖ್ಯವಾಗಿ ತೋರಿದ ಸಂಗತಿ.

ಮೊದಲು ಒಂದು ಪದದ ಪರಿಚಯ ಅಗತ್ಯ. ನೂರು ಅಂಗುಲದ ತಂತಿಯೊಂದು ಎಳೆತಕ್ಕೆ ಒಂದು ಅಂಗುಲ ಹಿಗ್ಗಿದರೆ, ಆ ಹಿಗ್ಗುವಿಕೆ ಮೂಲ ಉದ್ದದ ನೂರರಲ್ಲೊಂದು ಪಾಲು. ಈ ಪಾಲನ್ನೇ ಎಂಜಿನಿಯರುಗಳು ಸ್ಟ್ರೇನ್ ಎನ್ನುತ್ತಾರೆ. ನಾವು ಇದನ್ನು ವಿಕೃತಿ ಎನ್ನೋಣ. ಎಳೆತ ಹೆಚ್ಚಿದಷ್ಟೂ ಹಿಗ್ಗುವಿಕೆ ಅದೇ ಪ್ರಮಾಣದಲ್ಲಿ ಹೆಚ್ಚುತ್ತದೆ ಎಂಬ ನಿಯಮವನ್ನು ಇಂಗ್ಲೆಂಡಿನ ರಾಬರ್ಟ್ ಹುಕ್ 1678ರಲ್ಲಿ ಪ್ರಕಟಿಸಿದನು. ಎರಡು ವರ್ಷ ಮೊದಲೇ ಅದನ್ನು ಅಕ್ಷರಗಳನ್ನು ಕಲಸಿದ ಒಗಟಿನ ರೂಪದಲ್ಲಿ ಅಚ್ಚು ಹಾಕಿಸಿದ್ದನು. ಕಂಡುಹಿಡಿದ ಕೀರ್ತಿ ಬೇರೆಯವರ ಪಾಲಾಗಬಾರದು, ಗುಟ್ಟೂ ಬಯಲಾಗಬಾರದು ಎಂಬ ಎಚ್ಚರ ಅವನದು. 1820ರ ದಶಕದಲ್ಲಿ ಫ್ರಾನ್ಸಿನ ಕೋಶಿ ಈ ವಿಚಾರವನ್ನು ಇಡೀ ತಂತಿಯಿಂದ ವಸ್ತುವಿನ ಒಂದೊಂದು ಬಿಂದುವಿಗೂ ವಿಸ್ತರಿಸಿದನು. ಆ ಗಣಿತದ ಅಡಿಯಲ್ಲಿ ಒಂದು ಕರಾರು ಅಡಗಿದೆ. ವಸ್ತು ಎಷ್ಟೇ ಹಿಗ್ಗಲಿ ಕುಗ್ಗಲಿ, ಅದರಲ್ಲಿ ನೆರೆಯವರಾಗಿದ್ದ ಕಣಗಳು ನೆರೆಯವರಾಗಿಯೇ ಉಳಿಯಬೇಕು. ಬಿರುಕು ಎಂಬುದು ಈ ಕರಾರು ಮುರಿದುಬಿದ್ದ ಜಾಗ. ಅಲ್ಲಿ ನಿನ್ನೆಯ ನೆರೆಯವರು ಇಂದು ಎರಡು ದಂಡೆಗಳಾಗಿ ನಿಂತಿರುತ್ತಾರೆ. ಇದನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದೆ ಇದರ ಪ್ರಸ್ತಾಪ ಮತ್ತೆ ಬರುವುದು.

ಬಿರುಕಿನ ತುದಿಯಲ್ಲಿ ಏನು ನಡೆಯುತ್ತದೆ ಎಂಬುದಕ್ಕೆ ಗಣಿತದ ಮೊದಲ ಸ್ಪಷ್ಟ ಉತ್ತರ ಬಂದುದು 1913ರಲ್ಲಿ. ಕೇಂಬ್ರಿಜ್‌ನ ಚಾರ್ಲ್ಸ್ ಇಂಗ್ಲಿಸ್ ಎಂಬವರು ಎಳೆತಕ್ಕೊಳಗಾದ ಫಲಕದಲ್ಲಿ ಅಂಡಾಕಾರದ ರಂಧ್ರವಿದ್ದರೆ ಏನಾಗುತ್ತದೆ ಎಂಬುದನ್ನು ಲೆಕ್ಕ ಮಾಡಿ ತೋರಿಸಿದರು. ದುಂಡು ರಂಧ್ರದ ಅಂಚಿನಲ್ಲಿ ಬಲ ಮೂರು ಪಟ್ಟಾಗುತ್ತದೆ. ಎಳೆತಕ್ಕೆ ಅಡ್ಡಲಾಗಿ ಅಗಲದ ಹತ್ತರಷ್ಟು ಉದ್ದವಿರುವ ಸೀಳಿದ್ದರೆ ಅದರ ತುದಿಯಲ್ಲಿ ಇಪ್ಪತ್ತೊಂದು ಪಟ್ಟು. ಸೀಳು ಚೂಪಾದಷ್ಟೂ ಈ ಸಂಖ್ಯೆ ಏರುತ್ತ ಹೋಗಿ, ಕೊನೆಗೆ ಕೂದಲೆಳೆಯ ಬಿರುಕಿನಲ್ಲಿ ಅನಂತವಾಗಬೇಕು. ಹಾಗಾದರೆ ಅತಿ ಸಣ್ಣ ಬಿರುಕಿರುವ ವಸ್ತುವೂ ಮುಟ್ಟಿದರೆ ಒಡೆಯಬೇಕಿತ್ತಲ್ಲವೇ? ಲೋಕದಲ್ಲಿ ಹಾಗೆ ಆಗುತ್ತಿಲ್ಲ. ಈ ಗಂಟನ್ನು ಬಿಡಿಸಿದವರು ಫಾರ್ನ್‌ಬರೋ ಎಂಬ ಊರಿನ ಸರ್ಕಾರಿ ವಿಮಾನ ಸಂಶೋಧನಾ ಸಂಸ್ಥೆಯಲ್ಲಿದ್ದ ಅಲನ್ ಗ್ರಿಫಿತ್. 1921ರಲ್ಲಿ ಪ್ರಕಟವಾದ ಅವರ ಪ್ರಬಂಧದ ತಿರುಳು ಇಷ್ಟು: ಬಿರುಕು ಬೆಳೆಯಬೇಕಾದರೆ ಎರಡು ಹೊಸ ಮೈಗಳು ಹುಟ್ಟಬೇಕು, ಅದಕ್ಕೆ ಶಕ್ತಿ ಖರ್ಚಾಗುತ್ತದೆ. ವಸ್ತು ಸಡಿಲಗೊಂಡಾಗ ಬಿಡುಗಡೆಯಾಗುವ ಶಕ್ತಿ ಆ ಖರ್ಚನ್ನು ಭರಿಸುವಷ್ಟಿದ್ದರೆ ಮಾತ್ರ ಬಿರುಕು ಓಡುತ್ತದೆ, ಇಲ್ಲವಾದರೆ ಇದ್ದಲ್ಲಿಯೇ ನಿಲ್ಲುತ್ತದೆ. ಗಾಜಿನ ಮೇಲೆ ನಡೆಸಿದ ಪ್ರಯೋಗಗಳು ಈ ಮಾತನ್ನು ಸಮರ್ಥಿಸಿದವು.

ಆದರೆ ಗಾಜಿನ ಮಾತನ್ನು ಉಕ್ಕಿನ ಜನ ಬಹುಕಾಲ ಕಿವಿಗೆ ಹಾಕಿಕೊಳ್ಳಲಿಲ್ಲ. 1943ರ ಜನವರಿಯಲ್ಲಿ ಅಮೆರಿಕದ ಒರೆಗಾನ್ ರಾಜ್ಯದಲ್ಲಿ, ಶಾಂತವಾದ ನೀರಿನಲ್ಲಿ ದಕ್ಕೆಯ ಪಕ್ಕ ನಿಂತಿದ್ದ ಹೊಚ್ಚ ಹೊಸ ತೈಲ ಹಡಗು ಸ್ಕೆನೆಕ್ಟಡಿ ಭಾರಿ ಸದ್ದಿನೊಂದಿಗೆ ನಡುವೆ ಸೀಳಿಹೋಯಿತು. ಯುದ್ಧಕಾಲದಲ್ಲಿ ತರಾತುರಿಯಿಂದ ಬೆಸುಗೆ ಹಾಕಿ ಕಟ್ಟಿದ ಅನೇಕ ಹಡಗುಗಳಲ್ಲಿ ಇಂಥ ಬಿರುಕುಗಳು ಕಂಡವು. ಈ ಬಗೆಯ ಒಡೆತಗಳನ್ನು ಅಭ್ಯಸಿಸಿದ ಅಮೆರಿಕದ ನೌಕಾ ಸಂಶೋಧನಾಲಯದ ಜಾರ್ಜ್ ಇರ್ವಿನ್ 1957ರಲ್ಲಿ ಬಿರುಕಿನ ತುದಿಯ ಸುತ್ತ ಬಲ ಹಂಚಿಕೊಂಡಿರುವ ರೀತಿಯನ್ನು ಒಂದೇ ಒಂದು ಸಂಖ್ಯೆಯಿಂದ ಹೇಳಬಹುದೆಂದು ತೋರಿಸಿದರು. ಆ ಸಂಖ್ಯೆಯನ್ನು ನಿಜವಾದ ವಸ್ತುವಿನಲ್ಲಿ ಅಳೆಯುವುದು ಹೇಗೆಂಬುದೇ ಮುಂದಿನ ಪ್ರಶ್ನೆಯಾಯಿತು.

ಅಷ್ಟು ಹೊತ್ತಿಗೆ ಅಳತೆಗೆ ಒಂದು ಉತ್ತಮ ಉಪಕರಣ ಬಂದಿತ್ತು. 1938ರಲ್ಲಿ ಅಮೆರಿಕದ ಎಡ್ವರ್ಡ್ ಸಿಮನ್ಸ್ ಮತ್ತು ಆರ್ಥರ್ ರೂಗ್ ಎಂಬಿಬ್ಬರು, ಒಬ್ಬರಿಗೊಬ್ಬರು ಗೊತ್ತಿಲ್ಲದೆ, ಸ್ಟ್ರೇನ್ ಗೇಜ್ ಎಂಬ ಸಾಧನವನ್ನು ರೂಪಿಸಿದರು. ತೆಳುವಾದ ಲೋಹದ ತಂತಿಯನ್ನು ವಸ್ತುವಿನ ಮೇಲೆ ಅಂಟಿಸುತ್ತಾರೆ. ವಸ್ತು ಹಿಗ್ಗಿದರೆ ತಂತಿಯೂ ಹಿಗ್ಗಿ ಅದರ ವಿದ್ಯುತ್ ರೋಧ ಬದಲಾಗುತ್ತದೆ. ಆ ಬದಲಾವಣೆಯಿಂದ ವಿಕೃತಿಯನ್ನು ತಿಳಿಯುತ್ತಾರೆ. ಇಂದಿಗೂ ಇದರಷ್ಟು ವಿಶ್ವಾಸಾರ್ಹ ಸಾಧನಗಳು ವಿರಳ. ಆದರೆ ಅಂಟಿಸಿದ ಜಾಗದ ಸರಾಸರಿಯನ್ನು ಮಾತ್ರ ಇದು ಹೇಳುತ್ತದೆ. ಪಕ್ಕದಲ್ಲಿ ಏನಾಗುತ್ತಿದೆ ಎಂಬುದು ಇದಕ್ಕೆ ತಿಳಿಯದು. ಬಿರುಕು ತನ್ನ ಅಡಿಯಲ್ಲಿಯೇ ಹಾದುಹೋದರೆ ಗೇಜ್ ತಾನೇ ಹರಿದುಹೋಗುತ್ತದೆ.

ಸರಾಸರಿಯ ಬೆಲೆ ಎಷ್ಟಾಗಬಹುದು ಎಂಬುದನ್ನು ಕಾಮೆಟ್ ವಿಮಾನದ ದುರಂತದಲ್ಲಿ ಕಾಣಬಹುದು. ಜೆಟ್ ಎಂಜಿನಿನ ಮೊದಲ ಪ್ರಯಾಣಿಕ ವಿಮಾನವಾದ ಕಾಮೆಟ್ 1952ರ ಮೇ 2ರಂದು ಲಂಡನ್ನಿನಿಂದ ಜೋಹಾನ್ಸ್‌ಬರ್ಗಿಗೆ ತನ್ನ ಸೇವೆಯನ್ನು ಆರಂಭಿಸಿತು. 1954ರ ಜನವರಿ 10ರಂದು ಒಂದು ಕಾಮೆಟ್ ಇಟಲಿಯ ಎಲ್ಬಾ ದ್ವೀಪದ ಬಳಿ ಆಕಾಶದಲ್ಲಿಯೇ ಛಿದ್ರವಾಗಿ 35 ಜನ ಸತ್ತರು. ವಿಮಾನಗಳ ಹಾರಾಟ ನಿಲ್ಲಿಸಿ ತಪಾಸಣೆ ನಡೆಸಿ ಮತ್ತೆ ಹಾರಲು ಬಿಡಲಾಯಿತು. ಏಪ್ರಿಲ್ 8ರಂದು ಇನ್ನೊಂದು ಕಾಮೆಟ್ ಇಟಲಿಯ ದಕ್ಷಿಣದ ಸಮುದ್ರದಲ್ಲಿ ಬಿದ್ದು 21 ಜನ ಅಸುನೀಗಿದರು. ತನಿಖೆಯ ಹೊಣೆ ಫಾರ್ನ್‌ಬರೋ ಸಂಸ್ಥೆಗೆ ಬಂದಿತು; ಮೂವತ್ತು ವರ್ಷಗಳಿಗೂ ಹಿಂದೆ ಗ್ರಿಫಿತ್ ಬಿರುಕಿನ ನಿಯಮವನ್ನು ಕಂಡುಕೊಂಡ ಸ್ಥಳ ಅದೇ ಎಂಬುದು ಗಮನಾರ್ಹ.

ಅಲ್ಲಿ ಒಂದು ಇಡೀ ವಿಮಾನದ ಒಡಲನ್ನು ನೀರಿನ ತೊಟ್ಟಿಯಲ್ಲಿರಿಸಿ, ಒಳಗೂ ನೀರು ತುಂಬಿ, ಒತ್ತಡವನ್ನು ಏರಿಸುತ್ತ ಇಳಿಸುತ್ತ ಹಾರಾಟಗಳ ಪರಿಣಾಮವನ್ನು ಅನುಕರಿಸಿದರು. ಗಾಳಿಯಾದರೆ ಒಡೆದಾಗ ಬಾಂಬಿನಂತೆ ಸಿಡಿದು ಸಾಕ್ಷ್ಯವೆಲ್ಲ ನಾಶವಾಗುತ್ತಿತ್ತು. ನೀರು ಹಾಗೆ ಸಿಡಿಯದು. ಆ ವಿಮಾನ ನಿಜವಾಗಿ ಹಾರಿದ್ದ 1,221 ಬಾರಿ ಮತ್ತು ತೊಟ್ಟಿಯಲ್ಲಿ ಅನುಕರಿಸಿದ 1,836 ಬಾರಿ, ಒಟ್ಟು 3,057 ಹಾರಾಟಗಳಾಗುವಾಗ ಒಡಲು ಕಿಟಕಿಯ ಮೂಲೆಯಿಂದ ಸೀಳಿತು. ಎಲ್ಬಾ ಬಳಿ ಬಿದ್ದ ವಿಮಾನ 1,290 ಬಾರಿ ಹಾರಿತ್ತು, ಇನ್ನೊಂದು 900 ಬಾರಿ. ಲೋಹ ಒಂದೇ ಏಟಿಗೆ ಮುರಿದಿರಲಿಲ್ಲ. ಮತ್ತೆ ಮತ್ತೆ ಎಳೆತಕ್ಕೊಳಗಾಗಿ ದಣಿದು, ಸಣ್ಣ ಬಿರುಕು ಬೆಳೆಯುತ್ತ ಬೆಳೆಯುತ್ತ ಕೊನೆಗೊಮ್ಮೆ ಓಡಿತ್ತು. ಕಿಟಕಿಯ ಮೂಲೆಯ ಬಳಿ ಬಲವು ಲೋಹದ ಮುರಿಯುವ ಮಿತಿಯ ಅರ್ಧಕ್ಕಿಂತ ಕಡಿಮೆಯೆಂದು ತಯಾರಕರು ನಂಬಿದ್ದರು. ಮೂಲೆಗೆ ತೀರ ಹತ್ತಿರ ಗೇಜ್ ಅಂಟಿಸಿ ನೋಡಿದಾಗ ಅದು ಆ ಮಿತಿಯ ಸುಮಾರು ಶೇಕಡಾ 70ರಷ್ಟಿತ್ತು. ಸುತ್ತಲಿನ ಜಾಗವನ್ನೂ ಸೇರಿಸಿ ತೆಗೆದ ಸರಾಸರಿಯಲ್ಲಿ ಮೂಲೆಯ ಸತ್ಯ ಮುಚ್ಚಿಹೋಗಿತ್ತು.

ಇದಕ್ಕಿಂತ ನನ್ನನ್ನು ಹೆಚ್ಚು ಯೋಚನೆಗೀಡುಮಾಡಿದ ವಿಷಯ ಇನ್ನೊಂದಿದೆ. ತಯಾರಕರು ಪರೀಕ್ಷೆಯನ್ನೇ ನಡೆಸಿರಲಿಲ್ಲ ಎಂದಲ್ಲ. ಒಡಲಿನ ಒಂದು ಭಾಗವನ್ನು ಅವರು ಸುಮಾರು 16,000 ಬಾರಿ ಒತ್ತಡಕ್ಕೊಳಪಡಿಸಿದ್ದರು; ಅದು ಅಷ್ಟನ್ನು ತಾಳಿಕೊಂಡಿತ್ತು. ಆ ಅಂಕಿ ಸುಳ್ಳಲ್ಲ. ಆದರೆ ಅದೇ ಭಾಗವನ್ನು ಮೊದಲು ಬಲಪರೀಕ್ಷೆಗೆಂದು ಹಾರಾಟದ ಒತ್ತಡದ ಇಮ್ಮಡಿಗೆ ಏರಿಸಿದ್ದರು. ಆಗ ಮೂಲೆಗಳ ಲೋಹ ಅಲ್ಲಲ್ಲಿ ಕೊಂಚ ಶಾಶ್ವತವಾಗಿ ಹಿಗ್ಗಿ, ಒತ್ತಡ ಇಳಿದ ಮೇಲೆ ಸುತ್ತಲಿನ ಲೋಹ ಅದನ್ನು ಅಮುಕಿ ಹಿಡಿಯಿತು. ಅಮುಕಲ್ಪಟ್ಟ ಜಾಗದಲ್ಲಿ ಬಿರುಕು ಸುಲಭವಾಗಿ ಹುಟ್ಟದು. ಹೀಗೆ ಪರೀಕ್ಷೆಗೊಳಗಾದ ತುಂಡು ಪರೀಕ್ಷೆಯ ಕಾರಣದಿಂದಲೇ ಗಟ್ಟಿಯಾಯಿತು. ಪ್ರಯಾಣಿಕರನ್ನು ಹೊತ್ತ ವಿಮಾನಗಳಿಗೆ ಆ ರಕ್ಷಣೆ ಇರಲಿಲ್ಲ. ಸಂಖ್ಯೆ ನಿಜ, ಆದರೆ ಅದು ಬೇರೊಂದು ವಸ್ತುವಿನ ಸಂಖ್ಯೆ. ಅಳೆದದ್ದು ಯಾವುದನ್ನು, ಹೇಳುತ್ತಿರುವುದು ಯಾವುದರ ಬಗ್ಗೆ ಎಂಬ ಎರಡರ ನಡುವೆ ಅಂತರ ಬಿದ್ದರೆ, ಎಷ್ಟು ಶ್ರದ್ಧೆಯಿಂದ ಅಳೆದರೂ ಪ್ರಯೋಜನವಿಲ್ಲ.

ಇನ್ನು ಚಿತ್ರದ ಮೂಲಕ ಅಳೆಯುವ ವಿಧಾನಕ್ಕೆ ಬರೋಣ. ಗೇಜ್ ಒಂದು ಜಾಗವನ್ನು ಮಾತ್ರ ನೋಡುತ್ತದೆ ಎಂಬ ಕೊರತೆ ಎಲ್ಲರಿಗೂ ಗೊತ್ತಿತ್ತು. ಇಡೀ ಮೈಯನ್ನು ಒಮ್ಮೆಗೇ ನೋಡಲು ಬೆಳಕಿನ ಬಗೆಬಗೆಯ ಉಪಾಯಗಳು ಮೊದಲೇ ಇದ್ದವು. ಆದರೆ ಅವುಗಳಿಗೆ ಪಾರದರ್ಶಕ ಮಾದರಿಯೋ, ಅಲುಗದ ಮೇಜೋ, ಲೇಸರ್ ಕಿರಣವೋ ಬೇಕಿತ್ತು. 1982ರಲ್ಲಿ ಅಮೆರಿಕದ ಸೌತ್ ಕ್ಯಾರೊಲೈನಾ ವಿಶ್ವವಿದ್ಯಾಲಯದ ಪೀಟರ್ಸ್ ಮತ್ತು ರಾನ್ಸನ್ ಬೇರೆಯದೇ ದಾರಿಯನ್ನು ಸೂಚಿಸಿದರು. ಮರುವರ್ಷ ಮೈಕೆಲ್ ಸಟ್ಟನ್ ಮತ್ತು ಸಂಗಡಿಗರು ಅದನ್ನು ಇನ್ನಷ್ಟು ಸುಧಾರಿಸಿದರು. ಡಿಜಿಟಲ್ ಇಮೇಜ್ ಕೋರಿಲೇಷನ್ ಎಂಬ ಹೆಸರಿನಿಂದ ಇಂದು ಲೋಕವೆಲ್ಲ ಬಳಸುವ ವಿಧಾನ ಅದೇ.

ಅದರ ತತ್ತ್ವ ತೀರ ಸರಳ. ಬಿಳಿ ಬಣ್ಣ ಬಳಿದ ಮೈಮೇಲೆ ಕಪ್ಪು ಬಣ್ಣವನ್ನು ಹನಿಹನಿಯಾಗಿ ಚಿಮುಕಿಸಿ ಒಂದು ಚಿತ್ರ ತೆಗೆಯುತ್ತಾರೆ. ವಸ್ತುವನ್ನು ಎಳೆದು ಇನ್ನೊಂದು ಚಿತ್ರ ತೆಗೆಯುತ್ತಾರೆ. ಮೊದಲ ಚಿತ್ರವನ್ನು, ಉದಾಹರಣೆಗೆ, ಉದ್ದಗಲ ಇಪ್ಪತ್ತು ಚಿತ್ರಬಿಂದುಗಳಿರುವ ಸಣ್ಣ ಚೌಕಗಳಾಗಿ ವಿಂಗಡಿಸಿ, ಪ್ರತಿಯೊಂದು ಚೌಕದ ಕಪ್ಪು ಬಿಳುಪಿನ ವಿನ್ಯಾಸ ಎರಡನೆಯ ಚಿತ್ರದಲ್ಲಿ ಎಲ್ಲಿಗೆ ಹೋಗಿದೆಯೆಂದು ಗಣಕಯಂತ್ರ ಹುಡುಕುತ್ತದೆ. ಇಲ್ಲಿ ಚುಕ್ಕಿಗಳು ಅಸ್ತವ್ಯಸ್ತವಾಗಿರುವುದೇ ಮುಖ್ಯ. ಅಂಗಳದ ರಂಗೋಲಿಯಂತೆ ಸಾಲಾಗಿ ಇಟ್ಟ ಚುಕ್ಕಿಗಳಾದರೆ ಒಂದರಂತೆ ಇನ್ನೊಂದಿರುತ್ತದೆ. ಸರಿದದ್ದು ಯಾವುದು, ಅದರ ಜಾಗಕ್ಕೆ ಬಂದದ್ದು ಯಾವುದು ಎಂದು ತಿಳಿಯುವುದಿಲ್ಲ. ಚೆಲ್ಲಾಪಿಲ್ಲಿಯಾದ ಹನಿಗಳಲ್ಲಿ ಪ್ರತಿಯೊಂದು ಚೌಕಕ್ಕೂ ತನ್ನದೇ ಮುಖಲಕ್ಷಣ ಇರುತ್ತದೆ. ಉತ್ತಮ ಪರಿಸ್ಥಿತಿಯಲ್ಲಿ ಒಂದು ಚಿತ್ರಬಿಂದುವಿನ ನೂರರಲ್ಲೊಂದು ಪಾಲಿನಷ್ಟು ಚಲನೆಯನ್ನೂ ಈ ವಿಧಾನ ಗುರುತಿಸುತ್ತದೆ. 1987ರಲ್ಲಿ ಇದೇ ತಂಡದವರು ಬಿರುಕಿನ ತುದಿಯ ಸುತ್ತಣ ಚಲನೆಯನ್ನು ಹೀಗೆ ಅಳೆದು, ಇರ್ವಿನ್ ಹೇಳಿದ ಸಂಖ್ಯೆಯನ್ನು ಚಿತ್ರದಿಂದಲೇ ಪಡೆದರು. ಮೂವತ್ತು ವರ್ಷಗಳ ಹಿಂದಿನ ಪ್ರಶ್ನೆಗೆ ಹೊಸದೊಂದು ಉತ್ತರ ದೊರೆತಂತಾಯಿತು. 2011ರಲ್ಲಿ ಅಮೆರಿಕದ ನಾಸಾ ಸಂಸ್ಥೆಯವರು 27.5 ಅಡಿ ವ್ಯಾಸದ ಅಲ್ಯೂಮಿನಿಯಂ ಕೊಳವೆಯೊಂದಕ್ಕೆ ಹೀಗೆ ಚುಕ್ಕಿ ಹಾಕಿ, ಅದು ಕುಸಿಯುವವರೆಗೂ ಅಮುಕಿ, ಮೈಯೆಲ್ಲದರ ಚಲನೆಯನ್ನು ಚಿತ್ರಗಳಲ್ಲಿ ಅಳೆದರು.

ಇಷ್ಟು ಹೇಳಿ ನಿಲ್ಲಿಸಿದರೆ ಇದು ವಿಜ್ಞಾನದ ಜಯಗಾಥೆಯಾಗುತ್ತದೆ. ಆದರೆ ಬಿರುಕುಬಿಟ್ಟ ವಸ್ತುವಿನ ವಿಷಯದಲ್ಲಿ ಈ ವಿಧಾನಕ್ಕೆ ಒಂದು ಕೆಟ್ಟ ಗುಣವಿದೆ. ಅಳತೆಗೆ ಅರ್ಥವಿಲ್ಲದ ಜಾಗದಲ್ಲಿಯೂ ಅದು ಒಂದು ಸಂಖ್ಯೆಯನ್ನು ಕೊಟ್ಟೇ ಕೊಡುತ್ತದೆ. ಕೊಂಚ ಲೆಕ್ಕ ಮಾಡಿ ನೋಡೋಣ. 100 ಮಿಲಿಮೀಟರ್ ಅಗಲದ ಕಾಂಕ್ರೀಟ್ ಮೈಯನ್ನು 2,000 ಚಿತ್ರಬಿಂದುಗಳ ಚಿತ್ರದಲ್ಲಿ ಹಿಡಿದರೆ ಒಂದು ಬಿಂದು 0.05 ಮಿಲಿಮೀಟರಿಗೆ ಸಮ. ಕಾಂಕ್ರೀಟು ಎಳೆತದಲ್ಲಿ ಸುಮಾರು ಹತ್ತು ಸಾವಿರದಲ್ಲೊಂದು ಪಾಲು ಹಿಗ್ಗುವಷ್ಟರಲ್ಲಿ ಬಿರುಕುಬಿಡುತ್ತದೆ. ಆ ಕ್ಷಣದಲ್ಲಿ ಇಡೀ 100 ಮಿಲಿಮೀಟರ್ ಹಿಗ್ಗಿರುವುದು 0.01 ಮಿಲಿಮೀಟರ್, ಅಂದರೆ ಒಂದು ಬಿಂದುವಿನ ಐದರಲ್ಲೊಂದು ಪಾಲು, ಇದನ್ನು ಅಳೆಯಬಹುದು. ಇಪ್ಪತ್ತು ಬಿಂದುಗಳ ಒಂದು ಚೌಕ ಹಿಗ್ಗಿರುವುದಾದರೋ ಒಂದು ಬಿಂದುವಿನ ಐನೂರರಲ್ಲೊಂದು ಪಾಲು ಮಾತ್ರ. ಇದು ವಿಧಾನದ ಶಕ್ತಿಗೆ ಮೀರಿದುದು. ಈಗ ಅದೇ ಚೌಕದ ನಡುವೆ 0.05 ಮಿಲಿಮೀಟರಿನ, ಅಂದರೆ ಒಂದು ಬಿಂದುವಿನಷ್ಟು ಅಗಲದ ಬಿರುಕು ತೆರೆದುಕೊಳ್ಳಲಿ. ಯಂತ್ರಕ್ಕೆ ಬಿರುಕು ಎಂದರೇನೆಂದು ಗೊತ್ತಿಲ್ಲ. ಇಪ್ಪತ್ತು ಬಿಂದು ಇದ್ದದ್ದು ಇಪ್ಪತ್ತೊಂದಾಯಿತು, ಆದುದರಿಂದ ವಿಕೃತಿ ನೂರರಲ್ಲಿ ಐದು ಎಂದು ಅದು ಬರೆದುಕೊಡುತ್ತದೆ. ಕಾಂಕ್ರೀಟು ತಾಳಬಲ್ಲ ವಿಕೃತಿಯ ಐನೂರು ಪಟ್ಟು!

ಇನ್ನೂ ವಿಚಿತ್ರವೆಂದರೆ ಚೌಕವನ್ನು ನಲವತ್ತು ಬಿಂದುಗಳಷ್ಟು ದೊಡ್ಡದು ಮಾಡಿದರೆ ಉತ್ತರ ಎರಡೂವರೆಗೆ ಇಳಿಯುತ್ತದೆ, ಹತ್ತಕ್ಕೆ ತಂದರೆ ಹತ್ತಕ್ಕೆ ಏರುತ್ತದೆ. ಅಳೆಯುವವನ ಇಷ್ಟಾನುಸಾರ ಬದಲಾಗುವ ಸಂಖ್ಯೆ ವಸ್ತುವಿನ ಗುಣವಾಗಿರಲು ಸಾಧ್ಯವಿಲ್ಲ. ನೆರೆಯವರು ನೆರೆಯವರಾಗಿ ಉಳಿಯಬೇಕೆಂಬ ಕರಾರು ಮುರಿದ ಜಾಗದಲ್ಲಿ ವಿಕೃತಿ ಎಂಬ ಪದಕ್ಕೇ ಅರ್ಥವಿಲ್ಲ. ಅಲ್ಲಿ ಹೇಳಬೇಕಾದದ್ದು ಬಿರುಕಿನ ಬಾಯಿ ಎಷ್ಟು ತೆರೆದಿದೆ ಎಂಬುದನ್ನು, ಅದೂ ಮಿಲಿಮೀಟರುಗಳಲ್ಲಿ.

ಆದರೆ ಸಿದ್ಧ ತಂತ್ರಾಂಶಗಳು ಸಂಖ್ಯೆಯನ್ನಷ್ಟೇ ಕೊಟ್ಟು ಸುಮ್ಮನಾಗುವುದಿಲ್ಲ. ಅದನ್ನು ಬಣ್ಣದ ನಕ್ಷೆಯಾಗಿ ಬಿಡಿಸುತ್ತವೆ. ಬಿರುಕಿನ ಉದ್ದಕ್ಕೂ ಕೆಂಪು ಪಟ್ಟಿ ಉರಿಯುತ್ತಿರುತ್ತದೆ, ಸುತ್ತ ನೀಲಿ. ಕಲ್ಲು ಅಲ್ಲಿ ಭಯಂಕರ ಎಳೆತಕ್ಕೆ ಸಿಕ್ಕಿದೆ ಎಂದು ನೋಡಿದವರು ತಿಳಿಯುವುದು ಸಹಜ. ವಾಸ್ತವವಾಗಿ ಬಿರುಕಿನ ಎರಡೂ ದಂಡೆಗಳ ಕಲ್ಲು ಎಳೆತದಿಂದ ಬಿಡುಗಡೆ ಹೊಂದಿರುತ್ತದೆ. ಹಗ್ಗ ತುಂಡಾದ ಮೇಲೆ ಎರಡು ತುದಿಗಳೂ ಸಡಿಲವಾಗುವಂತೆ. ನಿಜವಾದ ಎಳೆತವಿರುವುದು ಬಿರುಕಿನ ತುದಿಯಾಚೆ, ಅನೇಕ ವೇಳೆ ಚೌಕವೊಂದಕ್ಕಿಂತಲೂ ಚಿಕ್ಕದಾದ ಜಾಗದಲ್ಲಿ. ಹೀಗೆ ಕೆಂಪು ಬಣ್ಣ ಸತ್ಯದ ನೇರ ವಿರುದ್ಧವನ್ನು ಹೇಳುತ್ತದೆ. ಇಂಥ ನಕ್ಷೆಯನ್ನು ವಿವರಣೆಯಿಲ್ಲದೆ ವರದಿಗೆ ಅಂಟಿಸುವವನು ಸುಳ್ಳು ಹೇಳಿದನೆಂದು ಯಾರೂ ಆಕ್ಷೇಪಿಸಲಾರರು, ಏಕೆಂದರೆ ಬರೆದದ್ದು ಯಂತ್ರ. ಆದರೆ ಯಾವ ಜಾಗವನ್ನು ಲೆಕ್ಕದಿಂದ ಹೊರಗಿಡಬೇಕು ಎಂಬ ತೀರ್ಮಾನ ಯಂತ್ರದ್ದಲ್ಲ, ಅವನದು.

ಬಲ್ಲ ಸಂಶೋಧಕರು ಈ ದೋಷಕ್ಕೆ ಮದ್ದು ಹುಡುಕದೆ ಇರಲಿಲ್ಲ. ಬಿರುಕಿನ ಮೇಲೆ ಬೀಳುವ ಚೌಕಗಳನ್ನು ಬಿಟ್ಟುಬಿಡುವುದು ಎಲ್ಲಕ್ಕಿಂತ ಹಳೆಯ ಉಪಾಯ. ಚೌಕವನ್ನು ಬಿರುಕಿನ ಗುಂಟ ಎರಡಾಗಿ ಸೀಳಿ ಎರಡು ದಂಡೆಗಳನ್ನೂ ಬೇರೆ ಬೇರೆಯಾಗಿ ಹಿಂಬಾಲಿಸುವುದು ಇನ್ನೊಂದು. 2007-08ರ ಸುಮಾರಿಗೆ ಫ್ರಾನ್ಸಿನ ರೆತೊರೆ, ಹಿಲ್ಡ್, ರೂ ಎಂಬವರು ಲೆಕ್ಕದ ಒಳಗೇ ಬಿರುಕಿಗೆ ಒಂದು ಸ್ಥಾನ ಕಲ್ಪಿಸಿದರು: ಚಲನೆ ಇಲ್ಲಿ ಹಠಾತ್ತನೆ ಜಿಗಿಯಬಹುದು ಎಂದು ಯಂತ್ರಕ್ಕೆ ಮೊದಲೇ ತಿಳಿಸಿ, ಜಿಗಿತದ ಪ್ರಮಾಣವನ್ನೇ ಅಳೆದರು.

ಬಿರುಕಿನಿಂದಾಚೆಗೂ ಹುಸಿ ಸಂಖ್ಯೆಗಳು ಹುಟ್ಟುತ್ತವೆ. ಒಂದು ಮೀಟರ್ ದೂರದ ಕ್ಯಾಮೆರಾದ ಕಡೆಗೆ ವಸ್ತು ಒಂದೇ ಒಂದು ಮಿಲಿಮೀಟರ್ ಸರಿದರೂ ಚಿತ್ರ ಸಾವಿರದಲ್ಲೊಂದು ಪಾಲು ದೊಡ್ಡದಾಗುತ್ತದೆ. ಹಿಗ್ಗದ ವಸ್ತು ಹಿಗ್ಗಿದಂತೆ ಕಾಣುತ್ತದೆ, ಅದೂ ಕಾಂಕ್ರೀಟು ಬಿರುಕುಬಿಡುವ ಪ್ರಮಾಣದ ಹತ್ತು ಪಟ್ಟು. 1993ರಲ್ಲಿ ಎರಡು ಕ್ಯಾಮೆರಾಗಳನ್ನು ನಮ್ಮ ಎರಡು ಕಣ್ಣುಗಳಂತೆ ಬಳಸುವ ವಿಧಾನ ಬಂದ ಮೇಲೆ ಈ ತೊಂದರೆಗೆ ಪರಿಹಾರ ದೊರೆಯಿತು. ಉಳಿದ ದೋಷಗಳನ್ನು ತಿಳಿಯಲು ಒಂದು ಸುಲಭ ಪರೀಕ್ಷೆಯಿದೆ. ವಸ್ತುವನ್ನು ಏನೂ ಮಾಡದೆ ಎರಡು ಚಿತ್ರ ತೆಗೆದು ಲೆಕ್ಕಕ್ಕೆ ಕೊಡುವುದು. ಉತ್ತರ ಸೊನ್ನೆಯಾಗಬೇಕು, ಆಗುವುದಿಲ್ಲ. ಎಷ್ಟು ಬರುತ್ತದೆಯೋ ಅಷ್ಟು ನಮ್ಮ ಅಳತೆಯ ಅಜ್ಞಾನ. ಅದಕ್ಕಿಂತ ಕಡಿಮೆಯಾದ ಯಾವ ಬದಲಾವಣೆಯನ್ನೂ ಕಂಡೆನೆಂದು ಹೇಳುವ ಅಧಿಕಾರ ನಮಗಿಲ್ಲ. ಈ ಕ್ಷೇತ್ರದ ಅಂತರರಾಷ್ಟ್ರೀಯ ಸಂಘವು 2018ರಲ್ಲಿ ಹೊರತಂದ ಕೈಪಿಡಿಯಲ್ಲಿ ಈ ಅಂಕಿಯನ್ನೂ, ಚೌಕದ ಅಳತೆಯನ್ನೂ ಫಲಿತಾಂಶದ ಜೊತೆಯಲ್ಲಿಯೇ ಪ್ರಕಟಿಸಬೇಕೆಂದು ಸೂಚಿಸಲಾಗಿದೆ. ನೋಡುವುದಕ್ಕೆ ಇದು ಸಣ್ಣ ನಿಯಮ. ಆದರೆ ತನ್ನ ಅಳತೆಯ ಜೊತೆಗೆ ತನ್ನ ಮಿತಿಯನ್ನೂ ಬರೆಯಬೇಕೆಂಬ ನಿಯಮ ಬೇರೆ ಎಷ್ಟು ವೃತ್ತಿಗಳಲ್ಲಿದೆ?

ಮುಟ್ಟದೆ ಅಳೆಯುವ ಗುಣದಿಂದಾಗಿ ಈ ವಿಧಾನವು ಪುರಾತನ ವಸ್ತುಗಳ ರಕ್ಷಣೆಯಲ್ಲಿಯೂ ನೆರವಾಗಿದೆ. ಇಂಗ್ಲೆಂಡಿನ ಸೌತಾಂಪ್ಟನ್ ವಿಶ್ವವಿದ್ಯಾಲಯದ ಎಂಜಿನಿಯರುಗಳು ವಸ್ತ್ರಸಂರಕ್ಷಕರೊಡನೆ ಸೇರಿ, ಗೋಡೆಗೆ ತೂಗುಹಾಕಿದ ಹಳೆಯ ಉಣ್ಣೆಯ ಚಿತ್ರಪಟಗಳು ತಮ್ಮ ಭಾರದಿಂದಲೇ ಹೇಗೆ ಹಿಗ್ಗುತ್ತವೆ ಎಂಬುದನ್ನು ಅಳೆದಿದ್ದಾರೆ. ಅಂಥ ವಸ್ತುವಿಗೆ ಗೇಜ್ ಅಂಟಿಸುವಂತಿಲ್ಲ, ಬಣ್ಣ ಚಿಮುಕಿಸುವಂತಿಲ್ಲ. ಶತಮಾನಗಳ ಹಿಂದೆ ನೇಕಾರರು ನೇಯ್ದ ಚಿತ್ರವೇ ಚುಕ್ಕಿಗಳ ಕೆಲಸ ಮಾಡಿತು. ಕೋಣೆಯ ಗಾಳಿಯಲ್ಲಿನ ತೇವ ಏರಿಳಿದಂತೆ ವಸ್ತ್ರವೂ ಹಿಗ್ಗಿ ಕುಗ್ಗುವುದು ಅಳತೆಯಲ್ಲಿ ಕಂಡುಬಂದಿತು.

ಕಟ್ಟಡಗಳೂ ಹೀಗೆ ಉಸಿರಾಡುತ್ತವೆ. ಇಟಲಿಯ ಫ್ಲಾರೆನ್ಸ್ ನಗರದಲ್ಲಿ 1436ರಲ್ಲಿ ಮುಗಿದ ಮಹಾಗುಮ್ಮಟದ ಬಿರುಕುಗಳನ್ನು 1955ರಿಂದ ಅಳತೆಯ ಉಪಕರಣಗಳಿಂದ ಗಮನಿಸುತ್ತ ಬಂದಿದ್ದಾರೆ. 1980ರ ದಶಕದ ಕೊನೆಯಿಂದ ಆ ಕೆಲಸವನ್ನು ಸ್ವಯಂಚಾಲಿತ ಸಾಧನಗಳು ಮಾಡುತ್ತಿವೆ. ಅಲ್ಲಿನ ಬಿರುಕುಗಳು ಋತುಮಾನದೊಂದಿಗೆ ತೆರೆದು ಮುಚ್ಚಿಕೊಳ್ಳುತ್ತವೆ. ವರ್ಷದೊಳಗಿನ ಈ ಏರಿಳಿತವನ್ನು ಕಳೆದು ಉಳಿದದ್ದನ್ನು ಮಾತ್ರ ಬೆಳವಣಿಗೆ ಎನ್ನಬಹುದು. ಇದಕ್ಕೆ ಹತ್ತಾರು ವರ್ಷಗಳ ದಾಖಲೆ ಬೇಕು.

ಬಸದಿಗಳ ಆಡಳಿತ ಹೊತ್ತಿರುವ ನಮ್ಮ ವಾಚಕರಲ್ಲಿ ಕೆಲವರಿಗೆ ಇದು ದೂರದ ಮಾತೆನಿಸಬಹುದು. ಆದರೆ ಕಲ್ಲಿನ ತೊಲೆಯಲ್ಲಿಯೋ ಗೋಡೆಯಲ್ಲಿಯೋ ಬಿರುಕು ಕಂಡಾಗ ಗಾಬರಿಯಿಂದ ಸಿಮೆಂಟು ಮೆತ್ತುವುದಕ್ಕೆ ಮುನ್ನ ಒಂದೆರಡು ಸಂಗತಿಗಳನ್ನು ಯೋಚಿಸಬೇಕು. ಸಿಮೆಂಟು ಮೆತ್ತಿದ ಬಿರುಕು ಬೆಳೆಯುತ್ತಿದೆಯೇ ಎಂದು ಮುಂದೆ ಯಾರೂ ಹೇಳಲಾರರು. ಅದರ ಬದಲು ಬಿರುಕಿನ ಪಕ್ಕದಲ್ಲಿ ಅಳತೆಪಟ್ಟಿ ಹಿಡಿದು, ಒಂದೇ ಜಾಗದಿಂದ, ನೇರವಾಗಿ ಎದುರು ನಿಂತು ಚಿತ್ರ ತೆಗೆಸಿಡಬೇಕು. ಗ್ರಾನೈಟ್ ಕಲ್ಲಾದರೆ ಅದರ ಕಪ್ಪು ಬಿಳುಪು ಕಣಗಳೇ ಗುರುತಾಗುತ್ತವೆ, ಪುರಾತನ ಕಲ್ಲಿಗೆ ಬಣ್ಣ ತಾಗಿಸಬೇಕಾಗಿಲ್ಲ; ಸುಣ್ಣ ಬಳಿದ ಗೋಡೆಯಲ್ಲಿ ಮಾತ್ರ ಗುರುತು ಸಿಗುವುದು ಕಷ್ಟ. ಬೇಸಗೆಯ ಚಿತ್ರವನ್ನು ಮಳೆಗಾಲದ ಚಿತ್ರಕ್ಕೆ ಹೋಲಿಸಿ ಹೆದರಬಾರದು, ಸಮಾಧಾನವನ್ನೂ ಪಡಬಾರದು. ಪ್ರತಿವರ್ಷ ಅದೇ ತಿಂಗಳಿನಲ್ಲಿ, ಹೊತ್ತು ಏರುವ ಮೊದಲು ತೆಗೆದವುಗಳನ್ನು ಹೋಲಿಸಬೇಕು. ಬಿರುಕು ವರ್ಷದಿಂದ ವರ್ಷಕ್ಕೆ ಅಗಲವಾಗುತ್ತಿದ್ದರೆ ಆ ಚಿತ್ರಗಳೊಡನೆ ಅನುಭವಿ ಎಂಜಿನಿಯರರನ್ನು ಕಾಣುವುದು ಉಚಿತ. ಮೊದಲ ದಿನ ಒಂದರ ಬದಲು ಎರಡು ಚಿತ್ರಗಳನ್ನು, ನಡುವೆ ಕ್ಯಾಮೆರಾವನ್ನು ಒಮ್ಮೆ ಕೆಳಗಿಟ್ಟು ಮತ್ತೆ ಎತ್ತಿಕೊಂಡು, ತೆಗೆಯಲು ಹೇಳಬೇಕು. ಆ ಎರಡರ ನಡುವೆ ಕಾಣುವ ವ್ಯತ್ಯಾಸವನ್ನು ದಿನ, ಹೊತ್ತು, ತೆಗೆದವರ ಹೆಸರಿನ ಜೊತೆ ಬಸದಿಯ ದಫ್ತರದಲ್ಲಿ ಬರೆದಿಡತಕ್ಕದ್ದು.